ಸುಂಕದ ಲೆಕ್ಕ ಬಿಡಿಸಿ ಹೇಳುವ ಪಾಡ್‌ಕಾಸ್ಟ್

ಅರ್ಥಶಾಸ್ತ್ರಜ್ಞರೊಬ್ಬರು ದಿನದ ಸುದ್ದಿ ಹಿಡಿದು ಮಾತಾಡುವ ಪಾಡ್‌ಕಾಸ್ಟ್ ಇದು. ಸುಂಕದ ಕಂತನ್ನಂತೂ ತಪ್ಪದೇ ಕೇಳಿ. 2018ರಲ್ಲಿ ಅಮೆರಿಕ ಹೊರದೇಶದ ವಾಷಿಂಗ್ ಮಷೀನ್‌ಗಳ ಮೇಲೆ ಸುಂಕ ಹಾಕಿತಲ್ವಾ, ಆಗ ಆ ಸುಂಕವೇ ಇಲ್ಲದ, ಬಟ್ಟೆ ಒಣಗಿಸುವ ಡ್ರೈಯರ್‌ಗಳ ಬೆಲೆಯೂ ಏರಿತು, ಯಾಕಂದ್ರೆ ಜನ ಎರಡನ್ನೂ ಜೋಡಿಯಾಗಿ ಕೊಳ್ಳುತ್ತಾರೆ, ಕಂಪನಿಗಳು ಏರಿಕೆಯನ್ನು ಎರಡಕ್ಕೂ ಹಂಚಿಬಿಟ್ಟವು. ಹೊರೆ ಬಿದ್ದದ್ದು ಕೊಳ್ಳುವವರ ಮೇಲೆ. ಇದನ್ನು ಇಷ್ಟು ಸಲೀಸಾಗಿ ಬಿಡಿಸಿ ಹೇಳುವವರು ಕಡಿಮೆ.

ರಾಜಕೀಯಕ್ಕೆ ಬಂದರೂ ಪಕ್ಷ ನೋಡಿ ಮಾತು ಬದಲಿಸುವುದಿಲ್ಲ, ಅದು ನನಗೆ ತುಂಬಾ ಹಿಡಿಸಿತು. ಊರಿನ ಮನೆ ಬಾಡಿಗೆಯ ವಿಷಯದಲ್ಲಿ ಮಾತ್ರ ಅವರಿಗೆ ಅವಸರ ಜಾಸ್ತಿ. ಬಾಡಿಗೆಗೆ ಮಿತಿ ಹಾಕಿದರೆ ಬಾಡಿಗೆಗೆ ಸಿಗುವ ಮನೆಗಳು ಕಡಿಮೆಯಾಗಬಹುದು ಅನ್ನುವ ಅವರ ಮಾತನ್ನು ಒಪ್ಪುತ್ತೇನೆ. ಆದ್ರೆ ಈಗಾಗಲೇ ಆ ಮನೆಗಳಲ್ಲಿ ಇರುವವರು ಅಲ್ಲೇ ನೆಮ್ಮದಿಯಾಗಿ ಉಳಿಯಲು ಅದೇ ಮಿತಿ ನೆರವಾಗುತ್ತದೆ. ಆ ಮಾತಿಗೂ ಐದು ನಿಮಿಷ ಕೊಡಬೇಕಿತ್ತು.