1899ರ ಸುವಾನಿ ರೆಪ್ಲಿಕಾ ಸೆಟ್: ಬಾಲ್‌ಗೆ ಫುಲ್ ಮಾರ್ಕ್ಸ್, ಉಳಿದಿದ್ದು ಕೇಳ್ಬೇಡಿ

ನಂಗೆ ಈ ಅಮೆರಿಕನ್ ಫುಟ್‌ಬಾಲ್ ಹುಚ್ಚು ಹಿಡಿದಿದ್ದು ಅಮೆರಿಕಾದ ಟೆನ್ನೆಸಿ ರಾಜ್ಯದ ನಾಶ್ವಿಲ್‌ಗೆ ಬಂದ್ಮೇಲೆ, ಅದೂ ಈಗಿನ ಮ್ಯಾಚ್ ನೋಡಿ ಅಲ್ಲ, ಹಳೇ ಕಾಲದ ಕಾಲೇಜ್ ಟೀಮ್‌ಗಳ ಕಥೆ ಓದಿ. ಅದ್ರಲ್ಲೂ ಸುವಾನಿ. ಇಲ್ಲಿಂದ ಐ-24 ಹೈವೇ ಹಿಡಿದು ಒಂದೂವರೆ ಗಂಟೆ ಹೋದ್ರೆ ಗುಡ್ಡದ ಮೇಲೆ ಸಿಗೋ ಪುಟ್ಟ ಕಾಲೇಜು, ಪೂರ್ತಿ ಹೆಸರು ಯೂನಿವರ್ಸಿಟಿ ಆಫ್ ದ ಸೌತ್. ಹಾಗಾಗಿ ಆನ್‌ಲೈನಲ್ಲಿ ಅವರ 1899ರ ಸೀಸನ್ ನೆನಪಿಗೆ ಅಂತ ಒಂದು ಸೆಟ್ ಕಂಡಿದ್ದೇ ತಡ, ಹೆಂಡ್ತಿ "ರೀ, ಇನ್ನೊಂದು ಬಾಲಾ?" ಅನ್ನೋದ್ರೊಳಗೆ ಆರ್ಡರ್ ಒತ್ತಿಬಿಟ್ಟೆ. 149 ಡಾಲರ್, ಶಿಪ್ಪಿಂಗ್ ಬೇರೆ. ಹಳೇ ಮಾದರಿ ಚರ್ಮದ ಬಾಲು, ನೇರಳೆ ಬಣ್ಣದ ಜೆರ್ಸಿ, ಗೋಡೆಗೆ ಹಾಕೋಕೆ ಇಡೀ ಸೀಸನ್ ಸ್ಕೋರ್ ಇರೋ ದಪ್ಪ ಕಾರ್ಡು, ಇಷ್ಟು ಬರುತ್ತೆ. ಅಂಗಡಿ ಹೆಸರು ಹೇಳಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಬಾಲ್ ಮೊದ್ಲು. ಡಬ್ಬ ತೆಗೆದ ತಕ್ಷಣ ಚರ್ಮದ ವಾಸನೆ ಗಮ್ ಅಂತ ಬಂತು. ಈಗಿನ ಬಾಲ್ ನೋಡಿ ಅಭ್ಯಾಸ ಇರೋರಿಗೆ ಇದು ಫುಟ್‌ಬಾಲ್ ಅನ್ನಿಸೋದೇ ಇಲ್ಲ, ಪುಟ್ಟ ಕುಂಬಳಕಾಯಿಗೆ ಲೇಸ್ ಹಾಕಿದಂಗಿದೆ, ಹೊಟ್ಟೆ ದಪ್ಪ, ತುದಿ ಮೊಂಡು. ಒಳಗೆ ಬೇರೆ ರಬ್ಬರ್ ಬ್ಲಾಡರ್ ಇದೆ, ಲೇಸ್ ಬಿಚ್ಚಿ, ಗಾಳಿ ತುಂಬಿ, ಬ್ಲಾಡರ್ ಬಾಯಿ ಕಟ್ಟಿ ಒಳಗೆ ತುರುಕಿ ಮತ್ತೆ ಲೇಸ್ ಬಿಗೀಬೇಕು. ಮೊದಲ ಸಲ ನಂಗೆ ಇಪ್ಪತ್ತು ನಿಮಿಷ ಹಿಡೀತು, ತೋರುಬೆರಳು ಕೆಂಪಾಗಿ ಊದ್ಕೊಳ್ತು, ಆದ್ರೂ ಹೊಲಿಗೆ ನೋಡಿ ಖುಷಿಯಾಯ್ತು, ಒಂದು ದಾರಾನೂ ಎದ್ದಿಲ್ಲ.

ಮಗನಿಗೆ 11 ವರ್ಷ, ಸ್ಕೂಲಲ್ಲಿ ಫ್ಲಾಗ್ ಫುಟ್‌ಬಾಲ್ (ಬೀಳಿಸೋ ಬದ್ಲು ಸೊಂಟದ ಪಟ್ಟಿ ಕಿತ್ಕೊಳ್ಳೋ ಆಟ) ಆಡ್ತಾನೆ, ಪಾರ್ಕ್‌ಗೆ ತಗೊಂಡು ಹೋಗಿ ಸ್ಪೈರಲ್, ಅಂದ್ರೆ ಬಾಲು ಬುಗುರಿ ಥರ ತಿರುಗ್ತಾ ಹೋಗೋ ಹಾಗೆ ಎಸೆಯೋಕೆ ನೋಡ್ದ, ಬಾಲು ಗಾಳೀಲೇ ಒದ್ದಾಡಿ ಎಂಟು ಹೆಜ್ಜೆ ಆಚೆ ದೊಪ್ಪಂತ ಬಿತ್ತು. "ಅಪ್ಪ, ಇದು ಕೈಗೇ ಕೂರಲ್ವಲ್ಲ, ಹೆಂಗೆ ಎಸೀತಿದ್ರು?" ಅಂದ. ಎಸೀತಾನೇ ಇರ್ಲಿಲ್ಲ ಕಣೋ, ಮುಂದಕ್ಕೆ ಪಾಸ್ ಮಾಡಬಹುದು ಅಂತ ರೂಲ್ ಬಂದಿದ್ದೇ 1906ರಲ್ಲಿ. 1899ರಲ್ಲಿ 3 ಡೌನಲ್ಲಿ, ಅಂದ್ರೆ ಮೂರು ಪ್ರಯತ್ನದಲ್ಲಿ, 5 ಯಾರ್ಡ್ ಮುಂದೆ ಹೋಗ್ಬೇಕು, ಮೈದಾನ ಬೇರೆ 110 ಯಾರ್ಡ್, ಇರೋದು ತಳ್ಳಾಟ ಮತ್ತೆ ಒದೆತ ಎರಡೇ. ಅದನ್ನ ಎದೆಗೆ ಅವುಚಿಕೊಂಡು ತಲೆ ಬಗ್ಗಿಸಿ ಓಡಿ ನೋಡಿ, ಆಗ ಬಾಲು ಮೊಣಕೈ ಸಂದೀಲಿ ಮಗು ಥರ ಸರಿಯಾಗಿ ಕೂರುತ್ತೆ. ಡ್ರಾಪ್ ಕಿಕ್, ಅಂದ್ರೆ ಬಾಲ್ ಕೆಳಗೆ ಬಿಟ್ಟು ಪುಟಿದಾಗ ಒದೆಯೋದು, ಅದಂತೂ ಇನ್ನೂ ಮಜಾ, ಕೈ ಬಿಟ್ರೆ ಮೊಂಡು ತುದಿ ನೆಲಕ್ಕೆ ತಾಕಿ ನೆಟ್ಟಗೆ ಪುಟಿಯುತ್ತೆ, ಈಗಿನ ಚೂಪು ಬಾಲಾದ್ರೆ ಎತ್ಲಾಗೋ ಹಾರುತ್ತೆ. ಐದನೇ ಸಲಕ್ಕೆ ನನ್ನಂಥ ಹೊಟ್ಟೆ ಬಂದಿರೋನು ಒದ್ದಿದ್ದೂ ಮೇಲಕ್ಕೆ ಹೋಯ್ತು. ಆ ಕಾಲದಲ್ಲಿ ಬಾಲ್ ಹಿಡ್ಕೊಂಡು ಕೊನೆ ಗೆರೆ ದಾಟೋ ಟಚ್‌ಡೌನ್‌ಗೂ 5 ಪಾಯಿಂಟ್, ಒದ್ದು ಕಂಬಗಳ ಮಧ್ಯೆ ದಾಟಿಸೋ ಫೀಲ್ಡ್ ಗೋಲ್‌ಗೂ 5 ಪಾಯಿಂಟ್ ಯಾಕಿತ್ತು ಅಂತ ಓದಿದಾಗ ತಲೆಗೆ ಹೋಗಿರ್ಲಿಲ್ಲ, ಆವತ್ತು ಕಾಲಿಗೆ ಹೋಯ್ತು.

ಕಥೆ ಗೊತ್ತಿಲ್ದೋರಿಗೆ ಸ್ವಲ್ಪ ಹೇಳ್ತೀನಿ, ಇಲ್ಲಾಂದ್ರೆ ಇಷ್ಟು ದುಡ್ಡು ಯಾಕೆ ಕೊಟ್ಟ ಅಂತೀರ. ಆ ವರ್ಷ ಗೇಟ್ ಕಲೆಕ್ಷನ್ (ಟಿಕೆಟ್ ದುಡ್ಡು) ಜಗಳದಲ್ಲಿ ನಾಶ್ವಿಲ್‌ನ ವ್ಯಾಂಡರ್‌ಬಿಲ್ಟ್ ಯೂನಿವರ್ಸಿಟಿ ಜೊತೆ ಮ್ಯಾಚ್ ಮುರಿದುಬಿತ್ತು, ಆ ಕಾಸು ಬೇರೆ ಎಲ್ಲಾದ್ರೂ ಹುಟ್ಟಿಸ್ಬೇಕು ಅಂತ ಟೀಮ್ ಮ್ಯಾನೇಜರ್ ಲ್ಯೂಕ್ ಲೀ ಒಂದು ಟ್ರಿಪ್ ಹಾಕ್ದ. ಅವನೂ ಸ್ಟೂಡೆಂಟೇ, ಮುಂದೆ ಸೆನೆಟರ್ ಆದ, 1919ರಲ್ಲಿ ಹಾಲೆಂಡ್‌ಗೆ ಹೋಗಿ ಪಟ್ಟ ಬಿಟ್ಟು ಅಲ್ಲಿದ್ದ ಜರ್ಮನಿ ದೊರೆ ಕೈಸರ್‌ನ ಎತ್ತಾಕ್ಕೊಂಡು ಬರೋಕೆ ನೋಡಿ ಬರಿಗೈಲಿ ವಾಪಸ್ ಬಂದ ಆಸಾಮಿ, ಅದು ಬೇರೆ ಕಥೆ. ಟ್ರೈನಲ್ಲಿ ಸುಮಾರು 2,500 ಮೈಲಿ. ನವೆಂಬರ್ 9ಕ್ಕೆ ಆಸ್ಟಿನ್‌ನಲ್ಲಿ ಟೆಕ್ಸಸ್ ಮೇಲೆ 12-0, ಮಾರನೇ ದಿನ ಹ್ಯೂಸ್ಟನ್‌ನಲ್ಲಿ ಟೆಕ್ಸಸ್ ಎ ಅಂಡ್ ಎಂ ಮೇಲೆ 10-0, ಅದರ ಮಾರನೇ ದಿನ ನ್ಯೂ ಆರ್ಲಿಯನ್ಸ್‌ನಲ್ಲಿ ಟುಲೇನ್ ಮೇಲೆ 23-0. ಭಾನುವಾರ ರೆಸ್ಟ್. ಸೋಮವಾರ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ) ಮೇಲೆ 34-0, ಮಂಗಳವಾರ ಮೆಂಫಿಸ್‌ನಲ್ಲಿ ಓಲೆ ಮಿಸ್ (ಮಿಸಿಸಿಪಿ ಯೂನಿವರ್ಸಿಟಿ) ಮೇಲೆ 12-0. ಆರು ದಿನಕ್ಕೆ ಐದು ಮ್ಯಾಚು, ಎದುರಾಳಿಗೆ ಒಂದು ಪಾಯಿಂಟೂ ಇಲ್ಲ, ಅದೂ ಒಂದ್ಸಲ ಆಚೆ ಹೋದ ಪ್ಲೇಯರ್ ಮತ್ತೆ ಒಳಗೆ ಬರೋ ಹಾಗಿಲ್ಲದ ಕಾಲದಲ್ಲಿ. ಕುಡಿಯೋಕೆ ಊರಿನ ಬುಗ್ಗೆ ನೀರನ್ನೇ ಪೀಪಾಯಲ್ಲಿ ತುಂಬ್ಕೊಂಡು ಹೋಗಿದ್ರಂತೆ, ಶೂ ಮಾತ್ರ ಮರೆತು ಹೊರಟು ಆಮೇಲೆ ತರಿಸ್ಕೊಂಡ್ರು ಅಂತಾರೆ!

ಈಗ ಕಾರ್ಡಿಗೆ ಬರೋಣ, ನನ್ನ ಹೊಟ್ಟೆ ಉರಿದಿದ್ದು ಇಲ್ಲೇ. ಕಾಗದ ಚೆನ್ನಾಗಿದೆ, ಅಕ್ಷರ ಚೆನ್ನಾಗಿದೆ, ಮೇಲ್ಗಡೆ ದಪ್ಪಕ್ಕೆ "ಇಡೀ ಸೀಸನ್ ಒಂದೂ ಪಾಯಿಂಟ್ ಬಿಟ್ಟುಕೊಡದ ತಂಡ" ಅನ್ನೋ ಅರ್ಥದಲ್ಲಿ ಹಾಕಿದಾರೆ, ಕೆಳಗೆ ಅಲಬಾಮಾದ ಆಬರ್ನ್ ಕಾಲೇಜ್ ಜೊತೆಗಿನ ಮ್ಯಾಚ್ ಎದುರು 11-0. ಸ್ವಾಮಿ, ಅದು 11-10! ಆ ಸೀಸನ್‌ನ 12 ಮ್ಯಾಚಲ್ಲಿ ಇವರಿಗೆ ನಿಜವಾಗ್ಲೂ ಬೆವರಿಳಿದಿದ್ದು ಅಂದ್ರೆ ಅದೇ, ನವೆಂಬರ್ 30, ಮಾಂಟ್ಗೊಮರಿ. ಎದುರು ಕೋಚ್ ಯಾರು, ಜಾನ್ ಹೈಸ್ಮನ್, ಇವತ್ತು ವರ್ಷದ ಬೆಸ್ಟ್ ಕಾಲೇಜ್ ಪ್ಲೇಯರ್‌ಗೆ ಕೊಡೋ ಟ್ರೋಫಿಗೆ ಹೆಸರಿರೋ ಅದೇ ಹೈಸ್ಮನ್. ವರ್ಷವಿಡೀ ಸುವಾನಿ ಮೇಲೆ ಬಿದ್ದಿದ್ದೇ ಆ 10 ಪಾಯಿಂಟು, ಲೆಕ್ಕ 322-10. ಎರಡೇ ದಿನ ಬಿಟ್ಟು ಅಟ್ಲಾಂಟಾದಲ್ಲಿ ನಾರ್ತ್ ಕ್ಯಾರೊಲಿನಾ ಮೇಲೆ 5-0 ಗೆದ್ದು ಸೀಸನ್ ಮುಗಿಸಿದ್ರು. ಆ ಹತ್ತನ್ನ ಅಳಿಸಿಬಿಟ್ರೆ ಇದು ಯಾವುದೋ ದೇವರ ಟೀಮ್ ಥರ ಕಾಣುತ್ತೆ, ಒಂದು ಪಾಯಿಂಟಲ್ಲಿ ಬಚಾವಾದ ಹುಡುಗ್ರ ಥರ ಕಾಣಲ್ಲ. ಸೋತು ಸುಣ್ಣ ಆದ ಟೀಮ್ ಕಾರ್ಡಾಗಿದ್ರೆ ಪ್ರಿಂಟ್ ತಪ್ಪು ಅಂತ ಬಿಡಬಹುದಿತ್ತು, ಇದ್ರಲ್ಲಿ ಹೆಡ್ಡಿಂಗೇ ಅದು.

ಅಂಗಡಿಗೆ ಮೇಲ್ ಹಾಕಿದ್ರೆ ಮೂರು ದಿನ ಬಿಟ್ಟು ಉತ್ತರ ಬಂತು, ಕಾರ್ಡ್ ಅಲಂಕಾರಕ್ಕೆ ಮಾತ್ರ ಅಂತೆ, ಬೇಕಾದ್ರೆ 15 ಡಾಲರ್ ವಾಪಸ್ ಕೊಡ್ತಾರಂತೆ. ತಗೊಂಡೆ, ಬರಿಗೈಲಿ ವಾಪಸ್ ಬರೋಕೆ ನಾನೇನು ಕೈಸರ್‌ನ ಹಿಡಿಯೋಕೆ ಹೋದ ಲ್ಯೂಕ್ ಲೀ ಅಲ್ಲ.

ಜೆರ್ಸಿ ಬಗ್ಗೆ ಹೆಚ್ಚು ಬರೆಯಲ್ಲ. ಉಣ್ಣೆ ಅಂತ ಹಾಕಿದ್ರು, ಒಳಗಿನ ಲೇಬಲ್‌ನಲ್ಲಿ ಪಾಲಿಯೆಸ್ಟರ್ ಅಂತಿದೆ. ಒಂದು ವಾಶ್‌ಗೆ ತೋಳು ಮೊಣಕೈಗೆ ಬಂತು, ಈಗ ಮಗ ಹಾಕ್ಕೊಳ್ತಾನೆ.

ಬಾಲ್ ಮಾತ್ರ ಬೇಕು ಅನ್ನೋರಿಗೆ, ಈ ಸೆಟ್ ಮಾರೋ ಅಂಗಡಿ ಕಣ್ಣಿಗೆ ಬಿದ್ರೆ, ಅಲ್ಲೇ ಬಿಡಿಯಾಗಿ 80 ಡಾಲರ್‌ಗೆ ಸಿಗುತ್ತೆ, ಕಣ್ಣು ಮುಚ್ಕೊಂಡು ತಗೊಳ್ಳಿ. ಒಂದು ವಿಷ್ಯ, ಮೊದಲ ಎರಡು ವಾರ ಬಿಳಿ ಶರ್ಟ್ ಹಾಕ್ಕೊಂಡು ಆಡ್ಬೇಡಿ, ಒದ್ದೆ ಹುಲ್ಲಿಗೆ ಬಿದ್ರೆ ಚರ್ಮದ ಬಣ್ಣ ಬಿಡುತ್ತೆ, ಎದೆಗೆ ಅವುಚಿಕೊಂಡು ಓಡಿದ ಗುರುತು ನನ್ನ ಶರ್ಟಲ್ಲಿ ಇನ್ನೂ ಹೋಗಿಲ್ಲ.