14 ಟನ್ ಫಾರ್ವರ್ಡರ್: ಸಾವಿರಾರು ಗಂಟೆ ಓಡಿದ ಮೇಲೆ ಗೊತ್ತಾಗುವುದು

ಕಡಿದು ಅಳತೆಗೆ ತುಂಡರಿಸಿದ ಮರವನ್ನು ಕಾಡಿನೊಳಗಿಂದ ಲಾರಿ ನಿಲ್ಲುವ ರಸ್ತೆಗೆ ತರುವುದು ಫಾರ್ವರ್ಡರ್ ಕೆಲಸ. ನಮ್ಮ ಮಲೆನಾಡಿನಲ್ಲಿ ಆನೆಯೋ ಟ್ರ್ಯಾಕ್ಟರೋ ದಿಮ್ಮಿಯನ್ನು ಎಳೆದು ತಂದಂತೆ ಇದು ಎಳೆಯುವುದಿಲ್ಲ. ಕ್ರೇನಿನಿಂದ ಎತ್ತಿ ಬೆನ್ನ ಮೇಲೆ ಹೇರಿಕೊಂಡು ಬರುತ್ತದೆ. ಫಿನ್ಲೆಂಡ್, ಸ್ವೀಡನ್ ಕಾಡುಗಳಲ್ಲಿ 14–15 ಟನ್ ಹೊರುವ ಎಂಟು ಚಕ್ರದ ಗಾಡಿಗಳು ಸಾಮಾನ್ಯ. ಪೊನ್ಸೆ ಬಫಲೊ, ಜಾನ್ ಡಿಯರ್ 1510ಜಿ, ಕೊಮಾತ್ಸು 855 ಈ ವರ್ಗದವು. ಮೂರೂ ಗಟ್ಟಿ ಯಂತ್ರಗಳೇ. ಹಾಗಾಗಿ ಕೊಳ್ಳುವಾಗ ಮೊದಲು ನೋಡಬೇಕಾದದ್ದು ಕೆಲಸದ ಕಾಡಿಗೆ ಯಾರ ಸರ್ವಿಸ್ ವ್ಯಾನ್ ಹತ್ತಿರವಿದೆ ಎನ್ನುವುದನ್ನು.

ಎಂಜಿನ್ ಅಷ್ಟಾಗಿ ಕೈಕೊಡುವುದಿಲ್ಲ. 500 ಗಂಟೆಗೊಮ್ಮೆ ಆಯಿಲ್, ಫಿಲ್ಟರ್ ಬದಲಿಸಿದರೆ ಸಾಕು. ತೊಂದರೆ ಶುರುವಾಗುವುದು ಹೈಡ್ರಾಲಿಕ್ಸ್‌ನಲ್ಲಿ, ಅಂದರೆ ಆಯಿಲ್ ಒತ್ತಡದಿಂದ ಕ್ರೇನ್, ಚಕ್ರಗಳನ್ನು ನಡೆಸುವ ವ್ಯವಸ್ಥೆಯಲ್ಲಿ. ಕ್ರೇನಿನ ತುದಿಯಿಂದ ರೋಟೇಟರ್‌ಗೆ (ದಿಮ್ಮಿ ಹಿಡಿಯುವ ಗ್ರಾಪಲ್ಲನ್ನು ತಿರುಗಿಸುವ ಭಾಗ) ಇಳಿಯುವ ಹೋಸ್ ಪ್ರತಿ ಹಿಡಿತಕ್ಕೂ ಮಡಚಿ, ತಿರುಚಿ, ಕೊಂಬೆಗೆ ಉಜ್ಜಿ ಸವೆಯುತ್ತದೆ. ಹೊರಗಿನ ರಬ್ಬರ್ ಹರಿದು ಒಳಗಿನ ತಂತಿ ಹೊಳೆಯುತ್ತಿದ್ದರೆ ಅದೇ ದಿನ ಬದಲಿಸಬೇಕು. ಆ ಜಾಗದ ಒಂದು ಜೊತೆ ಹೋಸ್, ಸೀಲುಗಳು, ಟ್ಯಾಂಕಿಗೆ ಬೇಕಾದ ಆಯಿಲ್ ಗಾಡಿಯಲ್ಲೇ ಇರಲಿ. ಟ್ಯಾಂಕಿಗೆ ಗಾಳಿ ಹೀರುವ ವ್ಯಾಕ್ಯೂಮ್ ಪಂಪ್ ಇದ್ದರೆ ಹೋಸ್ ಬಿಚ್ಚುವಾಗ ಆಯಿಲ್ ನೆಲಕ್ಕೆ ಸುರಿಯುವುದಿಲ್ಲ. ಇಲ್ಲದ ಗಾಡಿ ಕೊಂಡರೆ ಮೊದಲು ಅದನ್ನೇ ಹಾಕಿಸಿ.

ಹಳೆಯ ಗಾಡಿ ನೋಡಲು ಹೋದಾಗ ತಣ್ಣಗಿರುವಾಗ ಓಡಿಸಿ ತೃಪ್ತಿಪಡಬೇಡಿ. ಎರಡು ಗಂಟೆ ದುಡಿಸಿ, ಆಯಿಲ್ ಚೆನ್ನಾಗಿ ಕಾದ ಮೇಲೆ ತುಂಬಿದ ಲೋಡಿನಲ್ಲಿ ಏರು ಹತ್ತಿಸಿ. ಬೆಳಗ್ಗೆ ಹತ್ತಿದ ಏರನ್ನು ಮಧ್ಯಾಹ್ನ ಹತ್ತಲಾರದೆ ನಿಂತರೆ ಚಕ್ರಗಳನ್ನು ಓಡಿಸುವ ಡ್ರೈವ್ ಪಂಪ್ ಅಥವಾ ಮೋಟರ್ ಒಳಗೇ ಸೋರುತ್ತಿರುವ ಸಾಧ್ಯತೆ ಹೆಚ್ಚು: ಕಾದು ತೆಳುವಾದ ಆಯಿಲ್ ಸವೆದ ಸಂದುಗಳಲ್ಲಿ ನುಸುಳಿಬಿಡುತ್ತದೆ. ಕೇಸ್ ಡ್ರೈನ್ ಹರಿವನ್ನು, ಅಂದರೆ ಒಳಗೆ ಸೋರಿ ಟ್ಯಾಂಕಿಗೆ ಮರಳುವ ಆಯಿಲನ್ನು, ಅಳೆಸಿದರೆ ಅದು ಖಚಿತವಾಗುತ್ತದೆ. ಮುಂದೆ, ಗ್ರಾಪಲ್ಲನ್ನು ನೆಲಕ್ಕೆ ಒತ್ತಿ ಗಾಡಿಯನ್ನು ಸ್ವಲ್ಪ ಎತ್ತಿ ಇಳಿಸುತ್ತಾ, ಗಾಡಿಯ ಮುಂಭಾಗ, ಹಿಂಭಾಗ ಸೇರುವ ನಡುಜಾಯಿಂಟಿನ ಪಿನ್ನುಗಳನ್ನು ಇನ್ನೊಬ್ಬರು ದೂರದಿಂದ ಗಮನಿಸಲಿ. ಪಿನ್ನಿನ ಸುತ್ತ ಕೆಂಪು ತುಕ್ಕುಪುಡಿ ಕಂಡರೆ ಗ್ರೀಸ್ ಅಲ್ಲಿಗೆ ತಲುಪಿಲ್ಲ, ಪಿನ್ ಕೂರುವ ಬುಶ್ (ತೋಳು) ಒಣಗಿ ಸವೆಯುತ್ತಿದೆ. ಕ್ರೇನ್ ತಿರುಗುವ ಬುಡದ ಆಯಿಲ್ ಸ್ವಲ್ಪ ತೆಗೆದು ಬಿಳಿ ಬಟ್ಟೆಯ ಮೇಲೆ ಹರಡಿ. ಮಿನುಗುವ ಲೋಹದ ಕಣಗಳಿದ್ದರೆ ಹಲ್ಲುಗಳು ಸವೆಯುತ್ತಿವೆ. ಎರಡೆರಡು ಚಕ್ರ ಜೋಡಿಸಿರುವ ಬೋಗಿಯ ಆಯಿಲನ್ನೂ ಹಾಗೇ ನೋಡಿ.

ಪಂಪ್ ರಿಪೇರಿಯಲ್ಲೇ ಡೀಲರ್ ಎಂಥವರು ಅನ್ನುವುದು ಗೊತ್ತಾಗುವುದು. ಪಂಪ್ ಒಡೆದಾಗ ಅದರ ಚೂರುಗಳು ಕೂಲರ್, ವಾಲ್ವ್, ಹೋಸ್ ಎಲ್ಲೆಡೆ ಸೇರಿರುತ್ತವೆ. ಟ್ಯಾಂಕ್ ತೊಳೆದು, ಕೂಲರ್ ಬಿಚ್ಚಿ, ಇಡೀ ವ್ಯವಸ್ಥೆಯನ್ನು ಫ್ಲಶ್ ಮಾಡದೆ ಹೊಸ ಪಂಪ್ ಕೂರಿಸಿದರೆ ಅದೂ ಬೇಗ ಹೋಗುತ್ತದೆ. ಒಂದೇ ದಿನದಲ್ಲಿ ಮುಗಿಸಿಕೊಡುತ್ತೇವೆ ಎನ್ನುವವರಿಗಿಂತ ಮೂರು ದಿನ ಬೇಕು ಎಂದು ಕಾರಣ ಹೇಳುವವರನ್ನು ನಂಬಿ.

ಈಗಿನ ಗಾಡಿಗಳಲ್ಲಿ ಕಂಟ್ರೋಲರ್‌ಗಳೆಲ್ಲ ಕ್ಯಾನ್ ಬಸ್ ಎಂಬ ಒಂದೇ ಹಂಚಿಕೆಯ ವೈರಿಂಗಿನಲ್ಲಿ ಮಾತಾಡುತ್ತವೆ. ಒಂದು ಕನೆಕ್ಟರಿನಲ್ಲಿ ನೀರು ನಿಂತರೆ ಸಾಕು, ಕ್ರೇನ್ ಒಮ್ಮೊಮ್ಮೆ ಸುಮ್ಮನೆ ನಿಲ್ಲುತ್ತದೆ. ಕಂಪನಿಯ ಡಯಾಗ್ನೋಸ್ಟಿಕ್ ಸಾಫ್ಟ್‌ವೇರ್ ಇಟ್ಟುಕೊಂಡು ಕಾಡಿಗೇ ಬರುವ ಮೆಕ್ಯಾನಿಕ್ ಇಲ್ಲದಿದ್ದರೆ ಇದನ್ನು ಹುಡುಕುವುದೇ ದೊಡ್ಡ ಕೆಲಸ.

ಡೀಲರ್ ಬಳಿ ಹೋದಾಗ ಶೋರೂಮಿನಲ್ಲಿ ಕೂರದೆ ಪಾರ್ಟ್ಸ್ ಕೌಂಟರಿಗೆ ಹೋಗಿ: ರೋಟೇಟರ್ ಸೀಲ್ ಕಿಟ್, ಕ್ರೇನ್ ಬುಶ್, ಜಾಯ್‌ಸ್ಟಿಕ್, ಡ್ರೈವ್ ಪಂಪ್, ಇವುಗಳಲ್ಲಿ ಈಗ ರ‍್ಯಾಕಿನಲ್ಲಿ ಏನಿದೆ ಎಂದು ಕೇಳಿ. ಹೋಸಿಗೆ ತುದಿ ಒತ್ತಿ ಕೂರಿಸುವ ಹೋಸ್ ಪ್ರೆಸ್ ವ್ಯಾನಿನಲ್ಲೇ ಇದೆಯೇ, ಶನಿವಾರ ಫೋನ್ ಎತ್ತುತ್ತಾರೆಯೇ, ವಿಚಾರಿಸಿ. ಆಮೇಲೆ ಅದೇ ಡೀಲರ್ ಬಳಿ ನಾಲ್ಕೈದು ವರ್ಷದ ಹಿಂದೆ ಗಾಡಿ ಕೊಂಡ ಇಬ್ಬರು ಗುತ್ತಿಗೆದಾರರಿಗೆ ಫೋನ್ ಮಾಡಿ, ಕಳೆದ ಸಲ ಗಾಡಿ ನಿಂತಾಗ ವ್ಯಾನ್ ಬರಲು ಎಷ್ಟು ಗಂಟೆ ಹಿಡಿಯಿತು ಎಂದು ಕೇಳಿ.