ಬೆಳಗಾವಿಯಲ್ಲಿ ಗೇಮಿಂಗ್ ಪಿಸಿ ಅಸೆಂಬಲ್ ಮಾಡಿಸೋರು ದಯವಿಟ್ಟು ಓದಿ

84,000 ರೂಪಾಯಿ. ಒಂದೂವರೆ ವರ್ಷ ಕೂಡಿಟ್ಟ ದುಡ್ಡು. ಬೈಲಹೊಂಗಲದಿಂದ ಬೆಳಗಾವಿಗೆ ಹೋಗಿ ಒಂದು ಅಂಗಡಿಯಲ್ಲಿ ಪಿಸಿ ಕಟ್ಟಿಸಿದೆ. ರೈಜನ್ 7 5700ಎಕ್ಸ್ ಪ್ರೊಸೆಸರ್, ಆರ್‌ಟಿಎಕ್ಸ್ 3060 12 ಜಿಬಿ ಗ್ರಾಫಿಕ್ಸ್ ಕಾರ್ಡ್, 8 ಜಿಬಿಯ ಎರಡು ರ‍್ಯಾಮ್. ಈ ಪ್ರೊಸೆಸರ್ ಡಬ್ಬಿಯಲ್ಲಿ ಅದನ್ನ ತಣ್ಣಗಿಡುವ ಕೂಲರ್ ಬರಲ್ಲ, ಅದಕ್ಕೆ ಬೇರೆ ಕೂಲರ್ ಅವರೇ ಹಾಕಿದರು. ಇಷ್ಟಿದ್ದರೆ ವ್ಯಾಲೊರಂಟ್ ಗೇಮ್ ನೀರು ಕುಡಿದಷ್ಟು ಸಲೀಸಾಗಿ ಓಡಬೇಕು ಅಲ್ವಾ?

ಮೊದಲ ಐದು ನಿಮಿಷ ಓಡುತ್ತಿತ್ತು. ಆಮೇಲೆ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತೆ ಅನ್ನೋ ಲೆಕ್ಕ) 40ಕ್ಕೆ ಬಂದು ನಿಲ್ಲುತ್ತಿತ್ತು. ದಿನಾ ಇದೇ ಕಥೆ. ಗೆಳೆಯನ ಹಳೇ ಲ್ಯಾಪ್‌ಟಾಪ್ ಇದಕ್ಕಿಂತ ಚೆನ್ನಾಗಿ ಓಡುತ್ತದೆ!

ಅಂಗಡಿಗೆ ಫೋನ್ ಮಾಡಿದೆ. "ಡ್ರೈವರ್ ಪ್ರಾಬ್ಲಮ್ ಐತ್ರಿ ಸರ್, ಅಪ್ಡೇಟ್ ಮಾಡ್ರಿ." ಮಾಡಿದೆ. "ವಿಂಡೋಸ್ ಮತ್ತೊಮ್ಮೆ ಹಾಕ್ರಿ." ಅದನ್ನೂ ಮಾಡಿದೆ. ಮೂರನೇ ಸಲ ಏನಂದರು ಗೊತ್ತಾ? "ನಿಮ್ಮ ಕಡೆ ಬಿಸಿಲು ಭಾಳ ಐತಲ್ರಿ, ರೂಮಿಗೆ ಎಸಿ ಹಾಕಸ್ರಿ." ಬಿಸಿಲು ಅಂದರಲ್ಲ, ಅಂದರೆ ಬಿಸಿ ಆಗುತ್ತಿದೆ ಅಂತ ಅವರಿಗೆ ಆಗಲೇ ಗೊತ್ತಿತ್ತು. ಆದರೂ ಬಿಚ್ಚಿ ನೋಡಲಿಲ್ಲ.

ಬಸ್ಸಿನಲ್ಲಿ ಕ್ಯಾಬಿನೆಟ್ ತೊಡೆ ಮೇಲೆ ಇಟ್ಟುಕೊಂಡು ಮತ್ತೆ ಹೋದೆ. ಹುಡುಗ ಹತ್ತು ನಿಮಿಷ ನೋಡಿ, "ಎಸ್‌ಎಂಪಿಎಸ್ ಸಾಲಂಗಿಲ್ರಿ, 750 ವ್ಯಾಟ್ ಬೇಕು" ಅಂದ. ಅದು ಪಿಸಿಗೆ ಕರೆಂಟ್ ಕೊಡುವ ಡಬ್ಬಿ, ನನ್ನದು 550 ವ್ಯಾಟ್ ಇತ್ತು. ಹಾಕಿ ಅಂದೆ. 6,500 ಕೊಟ್ಟು ಬಂದೆ. ಮನೆಗೆ ಬಂದು ಗೇಮ್ ಹಾಕಿದೆ. ಅದೇ 40.

ಆ ರಾತ್ರಿ ಗ್ರಾಫಿಕ್ಸ್ ಕಾರ್ಡ್ ಕಂಪನಿ ಎನ್‌ವಿಡಿಯಾ ಸೈಟ್ ನೋಡಿದೆ. 3060ಗೆ 550 ವ್ಯಾಟ್ ಸಾಕು ಅಂತ ಅವರೇ ಬರೆದಿದ್ದಾರೆ. ಕಾರ್ಡ್ ಎಳೆಯುವುದು 170 ವ್ಯಾಟ್ ಅಷ್ಟೇ. ಕೌಂಟರ್ ಮುಂದೆ ನಿಂತು ಇದನ್ನ ಒಂದು ಸಲ ಹುಡುಕಿದ್ದರೆ 6,500 ಉಳಿಯುತ್ತಿತ್ತು. ಮನೆಯಲ್ಲಿ ಯಾರಿಗೂ ಹೇಳೋಕೆ ಮುಖ ಇರಲಿಲ್ಲ.

ಭಾನುವಾರ ಅಕ್ಕನ ಮಗ ಬಂದಿದ್ದ. ಎಚ್‌ಡಬ್ಲ್ಯೂಇನ್ಫೊ ಅಂತ ಬಿಸಿ ಎಷ್ಟಿದೆ ತೋರಿಸುವ ಫ್ರೀ ಸಾಫ್ಟ್‌ವೇರ್ ಹಾಕಿದ. ಗೇಮ್ ಶುರುವಾಗಿ ಸ್ವಲ್ಪ ಹೊತ್ತಿಗೆ ಪ್ರೊಸೆಸರ್ 90 ಡಿಗ್ರಿ. ಈ ಪ್ರೊಸೆಸರಿನ ಮಿತಿಯೇ 90. ಅದನ್ನ ಮುಟ್ಟಿದ ಮೇಲೆ ಸುಟ್ಟು ಹೋಗದಿರಲಿ ಅಂತ ಅದು ತಾನೇ ಸ್ಪೀಡ್ ಇಳಿಸಿಕೊಳ್ಳುತ್ತದೆ. 4.6 ಗಿಗಾಹರ್ಟ್ಸ್‌ವರೆಗೆ ಹೋಗಬೇಕಾದದ್ದು 2ರ ಹತ್ತಿರ ಒದ್ದಾಡುತ್ತಿತ್ತು. ಅವನು ಕೂಲರ್ ಬಿಚ್ಚಿ ತಿರುಗಿಸಿದ. "ಮಾಮಾ, ಇಲ್ಲಿ ನೋಡ್ರಿ."

ಕೂಲರಿನ ತಳಕ್ಕೆ ಪ್ಲಾಸ್ಟಿಕ್ ಹಾಳೆ. ಹೊಸ ಮೊಬೈಲ್ ಸ್ಕ್ರೀನ್ ಮೇಲೆ ಇರುತ್ತಲ್ಲ, ಅಂಥದ್ದು. ಅದರ ಮೇಲೆ, ಹಾಕುವ ಮೊದಲು ತೆಗೆಯಿರಿ ಅಂತ ಕೆಂಪು ಅಕ್ಷರದಲ್ಲಿ ಇಂಗ್ಲಿಷ್‌ನಲ್ಲಿ ಬರೆದಿತ್ತು. ಪ್ರೊಸೆಸರಿನ ಬಿಸಿಯನ್ನ ಕೂಲರಿಗೆ ದಾಟಿಸಬೇಕಾದ ಪೇಸ್ಟ್ ಆ ಹಾಳೆಗೆ ಮೆತ್ತಿಕೊಂಡಿತ್ತು. ಹಾಳೆ ಕಿತ್ತ, ಒರೆಸಿ ಹೊಸ ಪೇಸ್ಟ್ ಹಚ್ಚಿದ. 200 ರೂಪಾಯಿ ಪೇಸ್ಟ್. 66 ಡಿಗ್ರಿ. ಎಫ್‌ಪಿಎಸ್ 200 ದಾಟಿತು.

ಅಷ್ಟೇ ಅಲ್ಲ. 3200 ಸ್ಪೀಡಿನ ರ‍್ಯಾಮ್ 2400ರಲ್ಲಿ ಓಡುತ್ತಿತ್ತು, ಪಿಸಿಯ ಮೂಲ ಸೆಟ್ಟಿಂಗ್ ಇರುವ ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅನ್ನೋ ಪೂರ್ತಿ ಸ್ಪೀಡಿನ ಆಯ್ಕೆ ಆನ್ ಮಾಡಿರಲಿಲ್ಲ. ಅಸೆಂಬ್ಲಿ ಚಾರ್ಜ್ ಅಂತ 1,500 ತಗೊಂಡಿದ್ದರು. ಯಾವುದಕ್ಕೆ?

ಫೋಟೋ ವಾಟ್ಸಾಪ್ ಮಾಡಿದೆ. ನೀಲಿ ಟಿಕ್ ಬಂತು. ಎರಡು ದಿನ ಉತ್ತರ ಇಲ್ಲ. ಆಮೇಲೆ: "ಹೊಸ ಹುಡುಗ ಇದ್ದ ಸರ್. ಈಗ ಸರಿ ಆತಲ್ರಿ?" ಎಸ್‌ಎಂಪಿಎಸ್ ದುಡ್ಡು ಕೇಳಿದರೆ, "ಬಿಚ್ಚಿದ ಮಾಲ್ ವಾಪಸ್ ಇಲ್ರಿ. ನೀವೇ ಹೂಂ ಅಂದಿದ್ರಿ." ಹೌದು, ನಾನೇ ಹೂಂ ಅಂದಿದ್ದೆ. ನೀವು ಸುಳ್ಳು ಹೇಳಿದ್ದಕ್ಕೆ ಹೂಂ ಅಂದಿದ್ದೆ!

ಪಿಸಿ ಕಟ್ಟಿಸುವಾಗ ಎದುರಿಗೇ ನಿಲ್ಲಿ. ಅಂಗಡಿಯಲ್ಲೇ ಇಪ್ಪತ್ತು ನಿಮಿಷ ಗೇಮ್ ಓಡಿಸಿ, ಡಿಗ್ರಿ ನೋಡಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ರ‍್ಯಾಮ್ ಸ್ಪೀಡ್ ನೋಡಿ. ಪಕ್ಕಾ ಜಿಎಸ್‌ಟಿ ಬಿಲ್ ಕೇಳಿ. ನನಗೆ ಕೊಟ್ಟದ್ದು ಎಸ್ಟಿಮೇಟ್ ಚೀಟಿ, ಅದರಲ್ಲಿ ಅಂಗಡಿ ಸೀಲ್ ಕೂಡ ಇಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿದಾಗ ಮೊದಲು ಕೇಳಿದ್ದೇ ಬಿಲ್.

ಆ ಪ್ಲಾಸ್ಟಿಕ್ ಹಾಳೆಯನ್ನು ಚೀಟಿ ಜೊತೆ ಪಿನ್ ಮಾಡಿ ಇಟ್ಟಿದ್ದೇನೆ. 6,500 ಇನ್ನೂ ಬಂದಿಲ್ಲ. ಸೋಮವಾರ ಮತ್ತೆ ಬೆಳಗಾವಿಗೆ ಹೋಗುತ್ತಿದ್ದೇನೆ.